ಇನ್ನು ನಿಮ್ಮ ಸೈಟಿಗೆ ಅದರದೇ ಕೀಲಿ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

2026ರ ಫೆಬ್ರವರಿ 7, ಶನಿವಾರ ರಾತ್ರಿ 11 ಗಂಟೆಗೆ ನಮ್ಮಲ್ಲಿ ಇಟ್ಟಿರುವ ನಿಮ್ಮೆಲ್ಲರ ವೆಬ್‌ಸೈಟುಗಳನ್ನು ಹೊಸ ಸರ್ವರಿಗೆ (ಸೈಟು ಇಡುವ ಕಂಪ್ಯೂಟರಿಗೆ) ಸಾಗಿಸುತ್ತೇವೆ. ಜಾತ್ರೆಗೆ ಬರುವವರು ಕೊಪ್ಪಳದ ಲಾಡ್ಜುಗಳ ಸೈಟು ನೋಡಿಕೊಂಡೇ ಬರುತ್ತಾರೆ. ಅದಕ್ಕೇ ಗವಿಮಠದ ಜಾತ್ರೆ ಮುಗಿಯಲಿ ಎಂದು ಕಾದೆವು.

ಯಾಕೆ ಈ ಕೆಲಸ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇವೆ. ಕಳೆದ ಶ್ರಾವಣದಲ್ಲಿ ಒಬ್ಬ ಗ್ರಾಹಕರ ವರ್ಡ್‌ಪ್ರೆಸ್ ಸೈಟಿನ ಹಳೇ ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಮೂಲಕ ಯಾರೋ ಒಳಗೆ ನುಗ್ಗಿದರು. ಕೆಟ್ಟಿದ್ದು ಆ ಸೈಟು ಒಂದೇ ಅಲ್ಲ. ಗಂಗಾವತಿಯ ಅಕ್ಕಿ ಗಿರಣಿಯವರ ಸೈಟು, ಕಿನ್ನಾಳದ ಬೊಂಬೆ ಮಾರುವವರ ಸೈಟು ಎರಡರಲ್ಲೂ ಕೆಟ್ಟ ಕೋಡು ಸಿಕ್ಕಿತು. ಅವರದೇನೂ ತಪ್ಪಿರಲಿಲ್ಲ. ಆದರೂ ಮೂರು ದಿನ ಅವರ ಸೈಟು ಬಂದ್ ಆಯಿತು. ತಪ್ಪು ನಮ್ಮದು. ಇನ್ನೊಮ್ಮೆ ಕ್ಷಮೆ ಕೇಳುತ್ತೇವೆ.

ಒಂದೇ ಸರ್ವರಿನಲ್ಲಿ ಹಲವು ಸೈಟು ಇಡುವುದು ತಪ್ಪಲ್ಲ. ಬ್ರೌಸರ್ ಯಾವ ಹೆಸರು ಕೇಳುತ್ತದೋ ಅದನ್ನು ನೋಡಿ ಸರ್ವರಿನಲ್ಲಿರುವ ಅಪಾಚೆ ಎಂಬ ತಂತ್ರಾಂಶ ಆ ಸೈಟಿನ ಫೋಲ್ಡರಿನಿಂದ ಪುಟ ತೆಗೆದು ಕೊಡುತ್ತದೆ. ಎಲ್ಲರಿಗೂ ಸೇರಿ ಒಂದೇ ಐಪಿ ವಿಳಾಸ (ನೆಟ್ಟಿನಲ್ಲಿ ಸರ್ವರಿನ ನಂಬರು) ಸಾಕು. ನಾವು ಎಡವಿದ್ದು ಬೇರೆ ಕಡೆ. ಹಳೇ ಸರ್ವರಿನಲ್ಲಿ ಎಲ್ಲ ಸೈಟುಗಳ ಪಿಎಚ್‌ಪಿಯೂ (ಪುಟಗಳನ್ನು ತಯಾರಿಸುವ ಪ್ರೋಗ್ರಾಂ) ಸರ್ವರಿನ ಒಂದೇ ಲಿನಕ್ಸ್ ಯೂಸರ್ (ಬಳಕೆದಾರ ಖಾತೆ) ಹೆಸರಿನಲ್ಲಿ ಓಡುತ್ತಿತ್ತು. ವಠಾರದ ಎಲ್ಲ ಮನೆಗೂ ಒಂದೇ ಕೀಲಿಕೈ ಇದ್ದ ಹಾಗೆ. ಒಂದು ಮನೆಗೆ ನುಗ್ಗಿದವನು ಉಳಿದ ಮನೆಗಳಿಗೂ ಹೊಕ್ಕ.

ಹೊಸ ಸರ್ವರಿನಲ್ಲಿ ಪ್ರತಿ ಸೈಟಿಗೂ ಬೇರೆ ಯೂಸರ್, ಬೇರೆ ಪಿಎಚ್‌ಪಿ-ಎಫ್‌ಪಿಎಂ ಪೂಲ್, ಅಂದರೆ ಆ ಸೈಟಿಗಷ್ಟೇ ಓಡುವ ಪಿಎಚ್‌ಪಿ. ಒಬ್ಬರ ಫೈಲನ್ನು ಇನ್ನೊಬ್ಬರ ಸೈಟು ಬರೆಯುವುದಿರಲಿ, ಓದಲೂ ಆಗುವುದಿಲ್ಲ. ನಿಮ್ಮ ಪ್ಲಗಿನ್ ಹಳೆಯದಾದರೆ ನಿಮ್ಮ ಸೈಟಿಗೆ ಅಪಾಯ ಇದ್ದೇ ಇದೆ, ಅಪ್‌ಡೇಟ್ ಮಾಡುವುದನ್ನು ಬಿಡಬೇಡಿ. ಆದರೆ ಅದರ ಪೆಟ್ಟು ಪಕ್ಕದವರಿಗೆ ಬೀಳುವುದಿಲ್ಲ.

ಇದಕ್ಕೆ ಮೆಮೊರಿ ಜಾಸ್ತಿ ಬೇಕು. ಹಾಗಾಗಿ ಮುಂದಿನ ನವೀಕರಣದಿಂದ ವರ್ಷಕ್ಕೆ 600 ರೂಪಾಯಿ ಹೆಚ್ಚು ಕೇಳುತ್ತಿದ್ದೇವೆ. ಮೆಮೊರಿ ಉಳಿಸಲು ಸಣ್ಣ ಸೈಟುಗಳ ಪಿಎಚ್‌ಪಿಯನ್ನು ಯಾರಾದರೂ ಬಂದಾಗ ಮಾತ್ರ ಏಳುವಂತೆ ಇಟ್ಟಿದ್ದೇವೆ. ಬಹಳ ಹೊತ್ತಿನ ಮೇಲೆ ಮೊದಲು ಬಂದವರಿಗೆ ಪುಟ ಚೂರು ತಡವಾಗಿ ತೆರೆಯಬಹುದು.

ಹಳೇ ಸರ್ವರ್ ಸೆಂಟ್‌ಓಎಸ್ 7 ಎಂಬ ಆಪರೇಟಿಂಗ್ ಸಿಸ್ಟಮ್ ಮೇಲಿದೆ. ಅದಕ್ಕೆ ಭದ್ರತಾ ಅಪ್‌ಡೇಟ್ 2024ರ ಜೂನ್ 30ಕ್ಕೇ ನಿಂತಿತು. ಅಲ್ಲಿರುವ ಪಿಎಚ್‌ಪಿ 7.4ಕ್ಕೆ 2022ರ ನವೆಂಬರಿನಲ್ಲೇ ನಿಂತಿತ್ತು. ಆಗಲೇ ಬದಲಿಸಬೇಕಿತ್ತು. ಹೊಸದು ಡೆಬಿಯನ್ 13, ಪಿಎಚ್‌ಪಿ 8.4. ಪ್ರತಿ ಸೈಟಿನ ನಕಲನ್ನು ಅಲ್ಲಿ ಓಡಿಸಿ ನೋಡಿದ್ದೇವೆ. ಯಾರ ಥೀಮ್ (ಸೈಟಿನ ವಿನ್ಯಾಸ) ತಕರಾರು ಮಾಡಿತೋ ಅವರಿಗೆ ಆಗಲೇ ಫೋನ್ ಮಾಡಿದ್ದೇವೆ.

ಈಗ ನಿಮ್ಮಿಂದ ಆಗಬೇಕಾದ್ದು. ಡೊಮೇನ್ ನಮ್ಮ ಕೈಯಲ್ಲಿದ್ದರೆ ನೀವೇನೂ ಮಾಡಬೇಕಿಲ್ಲ. ನಿಮ್ಮದೇ ಖಾತೆಯಲ್ಲಿದ್ದರೆ ಫೆಬ್ರವರಿ 5ರೊಳಗೆ ಎ ರೆಕಾರ್ಡಿನ (ಡೊಮೇನ್ ಯಾವ ಐಪಿಗೆ ಹೋಗಬೇಕು ಎಂದು ಹೇಳುವ ಸಾಲು) ಟಿಟಿಎಲ್ ಅನ್ನು, ಅಂದರೆ ಹಳೇ ಐಪಿಯನ್ನು ಉಳಿದವರು ನೆನಪಿಡುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಭಾನುವಾರ ಬೆಳಿಗ್ಗೆ ಹೊಸ ಐಪಿ ಕಳಿಸುತ್ತೇವೆ, ಎ ರೆಕಾರ್ಡಿಗೆ ಅದನ್ನು ಹಾಕಿ. ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವ ಎಂಎಕ್ಸ್ ಸಾಲನ್ನು ಮಾತ್ರ ಮುಟ್ಟಬೇಡಿ, ಮೇಲ್ ನಿಂತುಹೋಗುತ್ತದೆ. ಎ ರೆಕಾರ್ಡ್ ಬದಲಾಗದಿದ್ದರೆ ಹೊಸ ಸರ್ವರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ (ಬ್ರೌಸರಿನಲ್ಲಿ ಸೈಟು ಸುರಕ್ಷಿತ ಎಂದು ತೋರಿಸುವಂಥದ್ದು) ನವೀಕರಣ ಆಗುವುದಿಲ್ಲ. ಅದರ ಆಯುಷ್ಯ 90 ದಿನ ಅಷ್ಟೇ.

ಶನಿವಾರ ರಾತ್ರಿ 11ರಿಂದ ನಾವು ತಿಳಿಸುವವರೆಗೆ ಹೊಸ ಫೋಟೋ, ಹೊಸ ದರ ಏನೂ ಹಾಕಬೇಡಿ. ಹಾಕಿದ್ದು ಹಳೇ ಸರ್ವರಿನಲ್ಲೇ ಉಳಿದುಬಿಡುತ್ತದೆ.

ಫೈಲು ಏರಿಸುವ ಹಳೇ ದಾರಿಯಾದ ಎಫ್‌ಟಿಪಿಯನ್ನು ಪೂರ್ತಿ ಮುಚ್ಚುತ್ತೇವೆ, ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೆ ಹೋಗುತ್ತದೆ. ಫೈಲ್‌ಜಿಲ್ಲಾದಲ್ಲೇ ಎಸ್‌ಎಫ್‌ಟಿಪಿ (ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ದಾರಿ) ಆರಿಸಿ, ಪೋರ್ಟ್ 22 ಕೊಡಿ. ಹೊಸ ಪಾಸ್‌ವರ್ಡನ್ನು ಫೋನಿನಲ್ಲೇ ಹೇಳುತ್ತೇವೆ, ವಾಟ್ಸಾಪಿನಲ್ಲಿ ಕಳಿಸುವುದಿಲ್ಲ. ಫೋಟೋ ಏರುತ್ತಿಲ್ಲ ಎಂದು ಫೋಲ್ಡರಿಗೆ 777 (ಯಾರು ಬೇಕಾದರೂ ಓದಿ ಬರೆಯಬಹುದಾದ ಅನುಮತಿ) ಕೊಡುವ ರೂಢಿ ಕೆಲವರಿಗಿದೆ. ದಯವಿಟ್ಟು ಇನ್ನು ಬೇಡ. ಪಿಎಚ್‌ಪಿ ನಿಮ್ಮ ಯೂಸರ್ ಹೆಸರಿನಲ್ಲೇ ಓಡುವಾಗ ಅದರ ಅಗತ್ಯವೇ ಬೀಳುವುದಿಲ್ಲ.

ಹಳೇ ಸರ್ವರ್ ಫೆಬ್ರವರಿ 22ರವರೆಗೆ ಇರುತ್ತದೆ, ಆಮೇಲೆ ಅಳಿಸುತ್ತೇವೆ. 8ನೇ ತಾರೀಖು ಭಾನುವಾರವಾದರೂ ಬೆಳಿಗ್ಗೆ 8ಕ್ಕೇ ಕಚೇರಿ ತೆರೆದಿರುತ್ತದೆ. ಸೈಟಿನಲ್ಲಿ ಒಂದು ಚಿತ್ರ ಕಾಣದಿದ್ದರೂ ಫೋನ್ ಮಾಡಿ, ಇಲ್ಲವೇ ಬಂದುಬಿಡಿ.

ಇಂತಿ ನಿಮ್ಮ,
ಹೋಸ್ಟಿಂಗ್ ಬಳಗದವರು, ಕೊಪ್ಪಳ