ಕಾರ್ಡಿನ ಬಾಕಿ: ಮಗಳಿಗೊಂದು ಪತ್ರ

ಶಿರಸಿ

ಪ್ರೀತಿಯ ಕೂಸೇ,

ಕೆಲಸ ಹೋಗಿದ್ದು, ಕ್ರೆಡಿಟ್ ಕಾರ್ಡಿನ ಬಿಲ್ ಲಕ್ಷ ಮುಟ್ಟಿದ್ದು ಎರಡನ್ನೂ ಮುಚ್ಚಿಡದೆ ಹೇಳಿದೆಯಲ್ಲ, ಒಳ್ಳೇದಾಯ್ತು. ಫೋನಿನಲ್ಲಿ ನೀನು ಅಳುತ್ತಿದ್ದೆ, ಲೆಕ್ಕ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಾರ್ಡನ್ನು ಇನ್ನು ಉಜ್ಜಬೇಡ. ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ಕೊಂಡ ತರಕಾರಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಮೊಬೈಲ್ ಆಪ್‌ಗಳಲ್ಲಿ ಸಾಲ ತೆಗೆದು ಇದನ್ನು ತೀರಿಸುವ ಯೋಚನೆ ಖಂಡಿತ ಬೇಡ.

ಕನಿಷ್ಠ ಮೊತ್ತ ಕಟ್ಟಿದರೆ ಸಾಕಲ್ವಾ ಅಂತ ಕೇಳಿದೆ. ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ ಲಕ್ಷಕ್ಕೆ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 630. ನೀನು 5,000 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 870! ಆದರೂ ಈ ತಿಂಗಳು ಅಷ್ಟನ್ನಾದರೂ ಗಡುವಿನೊಳಗೆ ಕಟ್ಟು. ಲೇಟ್ ಫೀ ತಪ್ಪುತ್ತದೆ, ಸಿಬಿಲ್ ಅಂದರೆ ನಿನ್ನ ಸಾಲದ ದಾಖಲೆ ಕೆಡುವುದಿಲ್ಲ.

ಬ್ಯಾಂಕಿಗೆ ನೀನೇ ಮೊದಲು ಫೋನ್ ಮಾಡು. ಕೆಲಸ ಹೋಗಿದೆ, ಬಾಕಿಯನ್ನು ಇಎಂಐ ಮಾಡಿಕೊಡಿ ಅಂತ ಕೇಳು. ಸಾಮಾನ್ಯವಾಗಿ ಅದರ ಬಡ್ಡಿ ಕಡಿಮೆ. ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆಸಿಕೋ. ಸೆಟಲ್‌ಮೆಂಟ್ ಅಂದರೆ ಮಾತ್ರ ತಡಿ. ಕಡಿಮೆ ದುಡ್ಡಿಗೆ ಮುಗಿಸಿದರೆ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಉಳಿಯುತ್ತದೆ, ಮುಂದೆ ಮನೆ ಸಾಲ ಸಿಗುವುದು ಕಷ್ಟ.

ವಸೂಲಿಯವರಿಗೆ ಹೆದರಬೇಡ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಬೆದರಿಸುವಂತಿಲ್ಲ, ನಾಲ್ಕು ಜನರೆದುರು ಮಾನ ಕಳೆಯುವಂತೆಯೂ ಇಲ್ಲ. ಹಾಗೇನಾದರೂ ಆದರೆ ಬ್ಯಾಂಕಿಗೆ ಬರೆದು ದೂರು ಕೊಡು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅದಕ್ಕೆ ಖರ್ಚಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಬಾಕಿ ಉಳಿದ ಮಾತ್ರಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ ಕೂಸೇ. ರಾತ್ರಿ ನಿದ್ದೆ ಮಾಡು.

ನನ್ನ ಎರಡೆಳೆ ಸರ ಸುಮ್ನೆ ಕಪಾಟಿನಲ್ಲಿದೆ. ಇಲ್ಲಿ ಸೊಸೈಟಿಯಲ್ಲಿ ಬಂಗಾರದ ಸಾಲಕ್ಕೆ ವರ್ಷವಿಡೀ ಬೀಳುವ ಬಡ್ಡಿಯನ್ನು ಆ ಕಾರ್ಡು ಮೂರ್ನಾಲ್ಕು ತಿಂಗಳಲ್ಲೇ ತಿನ್ನುತ್ತದೆ. ಚಾಲಿ ಅಡಿಕೆ ಮಾರಿದ ಮೇಲೆ ಬಿಡಿಸಿಕೊಂಡರಾಯ್ತು. ಅಪ್ಪಯ್ಯನೂ ಹೂಂ ಅಂದಿದ್ದಾರೆ. ಬೇಡ ಅನ್ನಬೇಡ. ಕೆಲಸ ಸಿಕ್ಕಮೇಲೆ ನಮಗೆ ನಿಧಾನವಾಗಿ ತೀರಿಸು, ಬಡ್ಡಿ ಇಲ್ಲ.

ಈ ಪತ್ರ ಓದಿದ ಕೂಡಲೇ ಸ್ಟೇಟ್‌ಮೆಂಟಿನ ಎಲ್ಲ ಪುಟಗಳ ಫೋಟೊ ತೆಗೆದು ವಾಟ್ಸಾಪ್ ಮಾಡು. ಬೇರೆ ಕಾರ್ಡ್ ಇದ್ದರೆ ಅದರದ್ದೂ ಬೇಕು. ಸೊಸೈಟಿಯಲ್ಲಿ ಎಷ್ಟು ಕೇಳಬೇಕು ಅಂತ ನೋಡಿಕೊಂಡು ಸೋಮವಾರ ಹೋಗುತ್ತೇವೆ.

ನಿನ್ನ ಆಯಿ