ಮಗಳಿಗೊಂದು ಪತ್ರ: ಆ ಹಳೆಯ ಮರದ ಮನೆಗೆ ಮುಂಗಡ ಕೊಡುವ ಮುಂಚೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಜಾಹೀರಾತನ್ನು ಒಂದಕ್ಷರ ಬಿಡದೆ ಓದಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಕನೆಟಿಕಟ್ ನದಿಯ ಕಣಿವೆ, ಕಲ್ಲುಗೋಡೆ ಸುತ್ತಿದ ಹೊಲಗಳು, ಹಳೆಯ ಕೊಟ್ಟಿಗೆ, ನಟ್ಟನಡುವೆ ದೊಡ್ಡ ಚಿಮಣಿ ಇರುವ ಮನೆ, 'ಸುಮಾರು 1740ರದ್ದು' ಎಂಬ ಸಾಲು. ಫೋಟೋಗಳಲ್ಲಿ ಅರ್ಧಕ್ಕರ್ಧ ಅಡುಗೆಮನೆಯವೇ. ಮಾರುವವರು ತೋರಿಸುವುದು ಅದನ್ನೇ, ತಪ್ಪೇನಿಲ್ಲ. ಆದರೆ ಅಡುಗೆಮನೆಯನ್ನು ಯಾವಾಗ ಬೇಕಾದರೂ ಹೊಸದಾಗಿ ಮಾಡಿಸಿಕೊಳ್ಳಬಹುದು. ಮನೆಯನ್ನು ಎತ್ತಿ ಹಿಡಿದಿರುವ ಮರದ ಚೌಕಟ್ಟು ಹಾಗಲ್ಲ. ನೀನು ಹಣ ಕೊಡುವುದು ಆ ಚೌಕಟ್ಟಿಗೆ.

ನನ್ನ ಮನಸ್ಸಿನಲ್ಲಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಈ ಮನೆ ತೆಗೆದುಕೊಂಡರೆ ನನಗೆ ಹಿಡಿಸಲಾರದಷ್ಟು ಸಂತೋಷ. ಕೆಲಸದ ವರ್ಷಗಳನ್ನೆಲ್ಲ ಕಟ್ಟಡಗಳ ಭಾರ ಲೆಕ್ಕ ಹಾಕುವುದರಲ್ಲೇ ಕಳೆದ ನಿನ್ನ ಅಮ್ಮನಿಗೆ, ಕಬ್ಬಿಣದ ನೆರವಿಲ್ಲದೆ ಇಷ್ಟು ಕಾಲ ನಿಂತ ಮನೆ ಎಂದರೆ ಎಷ್ಟು ಗೌರವ ಎಂದು ನಿನಗೆ ಗೊತ್ತು. ಷರತ್ತು ಒಂದೇ: ಅದರ ಅಡಿತೊಲೆಗಳು, ಅಂದರೆ ಅಡಿಪಾಯದ ಮೇಲೆ ಮಲಗಿ ಕಂಬಗಳನ್ನು ಹೊತ್ತ ತೊಲೆಗಳು, ಒಣಗಿರಬೇಕು. ಉಳಿದ ಊನಗಳ ಜೊತೆ ಬದುಕಬಹುದು, ಕೊಳೆತ ಅಡಿತೊಲೆಯ ಜೊತೆ ಆಗುವುದಿಲ್ಲ.

ಈಗ ನೀವಿರುವ ಮನೆ ಮತ್ತು ಈ ಮನೆ ನಿಂತಿರುವ ರೀತಿಯೇ ಬೇರೆ. ಈಗಿನ ಅಮೆರಿಕದ ಮನೆಗಳಲ್ಲಿ ಗೋಡೆಯೊಳಗೆ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮೊಳೆ ಹೊಡೆದಿರುತ್ತಾರೆ. ಭಾರವೆಲ್ಲ ಗೋಡೆಗಳಲ್ಲಿ ಹಂಚಿಹೋಗುತ್ತದೆ. ಯಂತ್ರದಲ್ಲಿ ತಯಾರಾದ ಮೊಳೆ ಅಗ್ಗವಾದ ಮೇಲೆ, 1830ರ ದಶಕದಲ್ಲಿ ಶಿಕಾಗೋ ಕಡೆಯಿಂದ ಹರಡಿದ ಪದ್ಧತಿ ಅದು. ಅದಕ್ಕೂ ಮೊದಲು ಕೆಲವೇ ದಪ್ಪ ಕಂಬಗಳು, ಅವುಗಳ ಮೇಲೆ ತೊಲೆಗಳು, ಮೂಲೆಗಳಲ್ಲಿ ಓರೆಯಾಗಿ ಕೊಟ್ಟ ಆಸರೆಗಳು, ಇಷ್ಟರ ಮೇಲೆಯೇ ಇಡೀ ಮನೆ ನಿಲ್ಲುತ್ತಿತ್ತು. ಗೋಡೆ ಬರೀ ಹೊದಿಕೆ.

ಒಂದು ಮೂಲೆಗಂಬದ ಹತ್ತಿರ ನಿಂತು ತಲೆಯೆತ್ತಿ ನೋಡು. ಆ ಕಾಲದ ಕಂಬ ಬುಡದಲ್ಲಿ ಸಣ್ಣದಾಗಿದ್ದು ಮೇಲೆ ಹೋಗುತ್ತಾ ಅಗಲವಾಗುತ್ತದೆ. ಬಂದೂಕಿನ ಹಿಡಿಯಂತೆ ಕಾಣುವುದರಿಂದ ಅಲ್ಲಿನವರು ಗನ್‌ಸ್ಟಾಕ್ ಪೋಸ್ಟ್ ಎನ್ನುತ್ತಾರೆ. ಅದು ಅಲಂಕಾರಕ್ಕಲ್ಲ. ಕಂಬದ ತಲೆಯ ಮೇಲೆ ಎರಡು ತೊಲೆಗಳು ಬಂದು ಸೇರಬೇಕು, ಒಂದು ಗೋಡೆಯುದ್ದಕ್ಕೂ, ಇನ್ನೊಂದು ಮನೆಗೆ ಅಡ್ಡಲಾಗಿ. ಎರಡಕ್ಕೂ ಬೇರೆ ಬೇರೆ ಕಚ್ಚು ಕೊರೆಯಲು ಅಲ್ಲಿ ಮರ ಬೇಕು, ಅದಕ್ಕೆ ಆ ಅಗಲ. ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಕಂಬದ ಗುಳಿಯೊಳಗೆ ಕೂರಿಸಿ, ಅಡ್ಡಲಾಗಿ ಓಕ್ ಮರದ ಗೂಟ ಹೊಡೆಯುತ್ತಿದ್ದರು. ಗುಳಿಯ ತೂತಿಗೂ ನಾಲಿಗೆಯ ತೂತಿಗೂ ಕೂದಲೆಳೆಯಷ್ಟು ಹೊಂದದಂತೆ ಬೇಕೆಂದೇ ಕೊರೆದಿರುತ್ತಾರೆ. ಗೂಟ ಒಳಗೆ ಹೋಗುತ್ತಾ ಸ್ವಲ್ಪ ಬಾಗಿ, ಎರಡನ್ನೂ ಬಿಗಿಯಾಗಿ ಎಳೆದು ಹಿಡಿಯುತ್ತದೆ. ಮರ ಹಸಿಯಾಗಿರುವಾಗಲೇ ಕಟ್ಟುತ್ತಿದ್ದ ಕಾಲ ಅದು. ವರ್ಷಗಳುದ್ದಕ್ಕೂ ಮರ ಒಣಗಿ ಕುಗ್ಗಿದರೂ ಕೀಲು ಸಡಿಲವಾಗದಿರಲಿ ಎಂದು ಕಂಡುಕೊಂಡ ಉಪಾಯ. ಆ ಬಡಗಿಗಳ ಮೇಲೆ ನನಗೆ ಇಂದಿಗೂ ಬೆರಗು.

ಕೀಲಿನ ಪಕ್ಕದಲ್ಲಿ ಉಳಿಯಿಂದ ಕೊರೆದ ಗೀಟುಗಳು ಕಾಣಬಹುದು: ರೋಮನ್ ಅಂಕಿಯಂತೆ ಒಂದು, ಎರಡು, ಮೂರು. ಕಂಬದ ಮೇಲೆ ಮೂರು ಗೀಟಿದ್ದರೆ ಅದಕ್ಕೆ ಸೇರಬೇಕಾದ ತೊಲೆಯ ಮೇಲೂ ಮೂರು ಗೀಟು. ಆಗ ಪ್ರತಿ ಕೀಲನ್ನೂ ಅದರ ಜೋಡಿಗೇ ಹೊಂದಿಸಿ ಕೆತ್ತುತ್ತಿದ್ದರು; ಒಂದರ ಜಾಗಕ್ಕೆ ಇನ್ನೊಂದು ಕೂರುತ್ತಿರಲಿಲ್ಲ. ಯಾವ ತುಂಡು ಬೇಕಾದರೂ ಕೂರುವಂತೆ ಅಳತೆಗೆ ಕೊರೆಯುವ ಪದ್ಧತಿ ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ನಿಮ್ಮ ರಾಜ್ಯವೂ ಸೇರಿದ ಅಮೆರಿಕದ ಈಶಾನ್ಯ ಭಾಗದಲ್ಲಿ, ಬಳಕೆಗೆ ಬಂದದ್ದು 1800ರ ಆಚೀಚೆ. ಹಾಗಾಗಿ ಆ ಗೀಟುಗಳು ಮನೆಯ ವಯಸ್ಸಿಗೆ ಒಂದು ಸಾಕ್ಷಿ.

ವಯಸ್ಸಿನ ಮಾತು ಬಂತಲ್ಲ, 'ಸುಮಾರು 1740' ಎಂಬುದನ್ನು ಹಾಗೇ ನಂಬಬೇಡ. ಇಂಥ ಮನೆಗಳ ಇಸವಿ ಎಷ್ಟೋ ಸಲ ಬಾಯಿಂದ ಬಾಯಿಗೆ ಬಂದದ್ದು. ಮರವನ್ನೇ ಕೇಳಬೇಕು. ಅಟ್ಟಕ್ಕೆ ಹತ್ತು, ಟಾರ್ಚನ್ನು ಹಲಗೆಗೆ ಅಡ್ಡಲಾಗಿ ಹಿಡಿದು ನೋಡು. ಗರಗಸದ ಗುರುತು ನೇರವಾದ ಗೆರೆಗಳಾಗಿದ್ದರೆ ನೀರಿನ ಬಲದಿಂದ ಮೇಲೆ ಕೆಳಗೆ ಆಡುವ ಹಳೆಯ ಗರಗಸದ್ದು. ಬಿಲ್ಲಿನಂತೆ ಬಾಗಿದ್ದರೆ ದುಂಡು ಗರಗಸ, ಅಂದರೆ ಸಾಮಾನ್ಯವಾಗಿ 19ನೇ ಶತಮಾನ ಒಂದಷ್ಟು ಕಳೆದ ಮೇಲಿನದು. ತೊಲೆಗಳ ಮೈಮೇಲೆ ಕೊಡಲಿಯ ಕಚ್ಚು, ಬಾಚಿ ಆಡಿದ ಗುರುತು ಇದೆಯೇ ನೋಡು. ಕಮ್ಮಾರ ಬಡಿದ ಮೊಳೆಯ ತಲೆ ಗುಲಾಬಿಯಂತೆ ಮಡಿಕೆಯಾಗಿರುತ್ತದೆ. ಈಗಿನಂಥ ದುಂಡು ತಂತಿ ಮೊಳೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಗೆ. ಎರಡೂ ಒಂದೇ ಹಲಗೆಯಲ್ಲಿದ್ದರೆ ರಿಪೇರಿ ಆಗಿದೆ ಎಂದರ್ಥ, ಅದೇನು ದೋಷವಲ್ಲ. ಕೊಟ್ಟಿಗೆಯ ದೊಡ್ಡ ಬಾಗಿಲು ಸೂರಿನ ಕೆಳಗಿನ ಉದ್ದ ಗೋಡೆಯಲ್ಲಿದ್ದರೆ ಅದು ಹಳೆಯ ಮಾದರಿ. ತ್ರಿಕೋನದ ಗೋಡೆಯ ಕಡೆಗಿದ್ದರೆ 1830ರ ನಂತರದ್ದು ಇರಬಹುದು.

ಖಚಿತವಾಗಿ ತಿಳಿಯಬೇಕೆಂದರೆ ತೊಲೆಯಿಂದ ಪೆನ್ಸಿಲ್ ಗಾತ್ರದ ಒಂದು ತುಂಡು ತೆಗೆದು, ವರ್ಷದ ಉಂಗುರಗಳನ್ನು ಎಣಿಸಿ ಹೋಲಿಸಿ, ಮರ ಕಡಿದ ವರ್ಷವನ್ನೇ ಹೇಳುವ ತಜ್ಞರಿದ್ದಾರೆ. ನಿಮ್ಮದೇ ರಾಜ್ಯದ ಡೆಡಮ್‌ನಲ್ಲಿರುವ ಫೇರ್‌ಬ್ಯಾಂಕ್ಸ್ ಮನೆಯನ್ನು 1637ರಿಂದ 1641ರ ನಡುವಿನದೆಂದು ಗುರುತಿಸಿದ್ದು ಹೀಗೇ. ಉತ್ತರ ಅಮೆರಿಕದಲ್ಲಿ ಉಳಿದಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಅದೇ ಅತ್ಯಂತ ಹಳೆಯದು ಎನ್ನುತ್ತಾರೆ. ಈಗ ಮ್ಯೂಸಿಯಂ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಹೋಗಿ ನೋಡಿ ಬಾ. ಅಲ್ಲಿನ ನೆಲ, ಗೋಡೆ, ಮಾಡು ಎಷ್ಟು ವಾಲಿದೆ ಎಂದು ಕಂಡರೆ, ಸೊಟ್ಟಗಿರುವುದೆಲ್ಲ ಬೀಳುವುದಿಲ್ಲ ಎಂದು ನಿನಗೇ ಧೈರ್ಯ ಬರುತ್ತದೆ.

ಮರ ಯಾವುದೆಂದು ಕೇಳಿ ತಿಳಿದುಕೋ. ಓಕ್ ಇರಬಹುದು, ಪೈನ್ ಇರಬಹುದು. ಚೆಸ್ಟ್‌ನಟ್ ಆಗಿದ್ದರೆ ವಿಶೇಷ ಜೋಪಾನ ಬೇಕು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗಕ್ಕೆ ಅಮೆರಿಕನ್ ಚೆಸ್ಟ್‌ನಟ್ ಅರ್ಧ ಶತಮಾನದೊಳಗೆ ಕಾಡಿಗೆ ಕಾಡೇ ಬಲಿಯಾಯಿತು. ಸುಮಾರು 400 ಕೋಟಿ ಮರಗಳು ಹೋದವೆಂದು ಅಂದಾಜು. ಅಂಥ ತೊಲೆ ಒಂದು ಕೆಟ್ಟರೆ ಅದೇ ಜಾತಿಯ ಹೊಸ ಮರ ಸಿಗುವುದಿಲ್ಲ, ಕಳಚಿದ ಹಳೆಯ ಕೊಟ್ಟಿಗೆಗಳಿಂದಲೇ ಹುಡುಕಿ ತರಬೇಕು. ನೆಲದ ಪೈನ್ ಹಲಗೆಗಳ ಅಗಲವನ್ನೂ ಅಳೆದು ನೋಡು. ಆಗ ಇಂಗ್ಲೆಂಡಿನ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ಗೆ ಕೊಟ್ಟ 1691ರ ಸನ್ನದಿನಲ್ಲಿ, ಯಾರಿಗೂ ಹಂಚಿಕೆಯಾಗದ ಜಾಗದಲ್ಲಿ 24 ಇಂಚು ಅಥವಾ ಅದಕ್ಕಿಂತ ಹೆಚ್ಚು ದಪ್ಪವಿದ್ದ ಮರಗಳನ್ನು ಇಂಗ್ಲೆಂಡಿನ ದೊರೆ ತನ್ನ ಹಡಗುಗಳ ಪಟಸ್ತಂಭಕ್ಕೆಂದು ಕಾದಿರಿಸಿಕೊಂಡಿದ್ದ. ಕಡಿದರೆ 100 ಪೌಂಡ್ ದಂಡ. ನನ್ನ ಮೊಮ್ಮಗಳು ಪುಟ್ಟಿ ದೊಡ್ಡವಳಾದ ಮೇಲೆ ಆ ಹಲಗೆಗಳನ್ನು ತೋರಿಸಿ ಹೇಳಲು ಒಳ್ಳೆಯ ಕಥೆ.

ಇನ್ನು ಅಡಿತೊಲೆ. ಕಲ್ಲಿನ ಅಡಿಪಾಯದ ಮೇಲೆ ಮಲಗಿ, ಎಲ್ಲ ಕಂಬಗಳ ಕಾಲನ್ನು ಹೊತ್ತಿರುವುದು ಅದೇ. ಅಲ್ಲಿನವರು ಸಿಲ್ ಎನ್ನುತ್ತಾರೆ. ನೆಲಮಾಳಿಗೆಗೆ ಇಳಿ, ಹಳೆಯ ಬಟ್ಟೆ ಹಾಕಿಕೊಂಡು ಹೋಗು. ಮೊನಚಾದ ದಬ್ಬಳ ತೆಗೆದುಕೊಂಡು ಹೋಗಿ, ಮನೆಯವರ ಅನುಮತಿ ಕೇಳಿ, ಅಡಿತೊಲೆಯನ್ನು ಅಡಿಗೊಂದು ಕಡೆ ಒತ್ತಿ ನೋಡು. ಗಟ್ಟಿ ಮರಕ್ಕೆ ಮೊನೆ ಇಳಿಯುವುದಿಲ್ಲ. ಸಲೀಸಾಗಿ ಒಳಗೆ ಹೋದರೆ ಕೊಳೆತಿದೆ. ತೇವ ಅಳೆಯುವ ಮೀಟರ್ ಸಿಗುತ್ತದೆ, ಶೇ. 20ಕ್ಕಿಂತ ಕೆಳಗಿದ್ದರೆ ಮರ ಕೊಳೆಯುವುದಿಲ್ಲ, ಅದಕ್ಕಿಂತ ಮೇಲೇರುತ್ತಾ ಹೋದಂತೆ ಅಪಾಯ. ವಿಶೇಷವಾಗಿ ಉತ್ತರದ ಕಡೆ, ಮೂಲೆಗಂಬಗಳ ಬುಡ, ಬಾಗಿಲ ಹೊಸ್ತಿಲ ಕೆಳಗೆ, ಮಾಡಿನ ನೀರು ಬೀಳುವ ಜಾಗ. ಹೊರಗೆ ಬಂದು, ಗೋಡೆಗೆ ತಾಗಿದಂತೆ ಮಣ್ಣು ಏರಿಸಿ ಹೂಗಿಡ ನೆಟ್ಟಿದ್ದಾರೆಯೇ ನೋಡು. ಜಾಹೀರಾತಿನ ನಾಲ್ಕನೇ ಫೋಟೋದಲ್ಲಿ ನನಗೆ ಹಾಗೆ ಕಂಡಿತು. ಮಣ್ಣು ತೊಲೆಯನ್ನು ಮುಟ್ಟಿದ್ದರೆ ನನಗೆ ಭಯ.

ಕೊಳೆತ ಮಾತ್ರಕ್ಕೆ ಮನೆ ಹೋಯಿತು ಎಂದಲ್ಲ. ಮನೆಯನ್ನು ಜಾಕ್ ಕೊಟ್ಟು ಸ್ವಲ್ಪ ಎತ್ತಿ, ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ, ಹೊಸ ಮರವನ್ನು ಕಚ್ಚು ಹಾಕಿ ಜೋಡಿಸುವ ಬಡಗಿಗಳು ಅಲ್ಲಿದ್ದಾರೆ. ಆದರೆ ಆ ಖರ್ಚಿನ ಅಂದಾಜು ಮಾತು ಮುಗಿಯುವ ಮೊದಲೇ ನಿನ್ನ ಕೈಯಲ್ಲಿರಬೇಕು. ಸಾಮಾನ್ಯ ಹೋಮ್ ಇನ್ಸ್‌ಪೆಕ್ಟರ್ ಜೊತೆಗೆ, ಹಳೆಯ ಚೌಕಟ್ಟುಗಳಲ್ಲೇ ಕೆಲಸ ಮಾಡಿದ ಒಬ್ಬ ಬಡಗಿಯನ್ನೋ ಎಂಜಿನಿಯರನ್ನೋ ಕರೆದುಕೊಂಡು ಹೋಗು. ತಪಾಸಣೆ ಮಾಡಿಸದೆ ಕೊಳ್ಳುವ ಯೋಚನೆ ಮಾಡಬೇಡ. ಈ ವಿಷಯದಲ್ಲಿ ನಾನು ಜಗ್ಗುವುದಿಲ್ಲ.

ಹುಳು ಕೊರೆದ ತೂತುಗಳು ಕಂಡರೆ ಗಾಬರಿಯಾಗಬೇಡ, ಇಂಥ ಮನೆಗಳಲ್ಲಿ ಇದ್ದೇ ಇರುತ್ತವೆ. ತೂತಿನ ಕೆಳಗೆ ಹೊಸ, ತಿಳಿಬಣ್ಣದ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮಾತ್ರ ಹುಳು ಇನ್ನೂ ಜೀವಂತ ಇರಬಹುದೆಂಬ ಅನುಮಾನ.

ನನಗೆ ಹೆಚ್ಚು ಚಿಂತೆ ಹುಳುವಿನದಲ್ಲ, ಕಳೆದ ನೂರು ವರ್ಷದಲ್ಲಿ ಬಂದುಹೋದ ಕೆಲಸಗಾರರದು. ಸ್ನಾನದ ಮನೆಗೆ ಪೈಪ್ ತರಲು ಜಂತೆಯನ್ನು ಅರ್ಧ ಕತ್ತರಿಸಿರುತ್ತಾರೆ. ದೊಡ್ಡ ಕಿಟಕಿಗೆ ಜಾಗ ಬೇಕೆಂದು ಓರೆಯ ಆಸರೆಯನ್ನೇ ತೆಗೆದಿರುತ್ತಾರೆ. ಗಾಳಿಗೆ ಚೌಕಟ್ಟು ವಾಲದಂತೆ ತಡೆಯುವುದು ಅದೇ. ಸುಣ್ಣದ ಗಾರೆಯ ಜಾಗದಲ್ಲಿ ಸಿಮೆಂಟ್ ಮೆತ್ತಿರುತ್ತಾರೆ, ತೇವ ಹೊರಹೋಗಲು ದಾರಿ ಇರುವುದಿಲ್ಲ. ಮಾಡಿನ ಕೆಳಗೆ ಫೋಮ್ ಸಿಂಪಡಿಸಿ ಜಂತೆಗಳನ್ನೆಲ್ಲ ಮುಚ್ಚಿಬಿಟ್ಟಿದ್ದರೆ ಸೋರುವುದೇ ಗೊತ್ತಾಗುವುದಿಲ್ಲ. ನೀನು ಹೋದ ಮೇಲೆ ಮನೆ ಬೆಚ್ಚಗಿರಲಿ ಎಂದು ಅದನ್ನೇ ಮಾಡಿಸಲು ಯಾರಾದರೂ ಹೇಳಿಯಾರು, ಅವಸರಪಡಬೇಡ. ಗೋಡೆಯಲ್ಲಿ ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ಹಳೆಯ ವೈರಿಂಗ್ ಉಳಿದಿದ್ದರೆ ಎಷ್ಟೋ ವಿಮಾ ಕಂಪನಿಗಳು ಪಾಲಿಸಿ ಕೊಡಲು ಒಪ್ಪುವುದಿಲ್ಲ; ಮೊದಲೇ ವಿಚಾರಿಸು.

ಪುಟ್ಟಿಗೆ ಇನ್ನೂ ಆರು ತುಂಬಿಲ್ಲ. 1978ಕ್ಕಿಂತ ಮೊದಲು ಕಟ್ಟಿದ ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ಸೀಸದ ಬಣ್ಣದ ಅಪಾಯವನ್ನು ತೆಗೆಯುವುದೋ ಮುಚ್ಚುವುದೋ ಮಾಲೀಕರ ಹೊಣೆ ಎನ್ನುತ್ತದೆ ಮ್ಯಾಸಚೂಸೆಟ್ಸ್ ಕಾನೂನು. ಪರೀಕ್ಷೆ ಮಾಡಿಸಲು ಕೊಳ್ಳುವವರಿಗೆ 10 ದಿನದ ಅವಕಾಶವೂ ಇದೆ. ಕಿಟಕಿಗಳು ಹಳೆಯವಾದಷ್ಟೂ ಆ ಬಣ್ಣದ ಧೂಳು ಹೆಚ್ಚು. ಮನೆಯ ಚೆಂದ ಎಷ್ಟೇ ಇರಲಿ, ಮಗುವಿನ ರಕ್ತಕ್ಕೆ ಸೀಸ ಸೇರಬಾರದು. ಆ ಕೆಲಸ ಮುಗಿಯುವವರೆಗೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಬೇಡ.

ಕಾಗದಪತ್ರಗಳನ್ನು ವಕೀಲರೇ ನೋಡುತ್ತಾರೆ, ಆದರೂ ಕೆಲವನ್ನು ನೀನೇ ಬಾಯಿಬಿಟ್ಟು ಕೇಳು. 'ನ್ಯಾಷನಲ್ ರಿಜಿಸ್ಟರ್‌ನಲ್ಲಿದೆ', ಅಂದರೆ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ ಎಂದು ಹೆಮ್ಮೆಯಿಂದ ಬರೆದಿದ್ದಾರೆ. ಸ್ವಂತ ಹಣದಲ್ಲಿ ಏನು ಮಾಡುವುದಕ್ಕೂ ಅದೊಂದೇ ಅಡ್ಡಿ ಬರುವುದಿಲ್ಲ. ಊರು ಗೊತ್ತುಮಾಡಿದ ಐತಿಹಾಸಿಕ ವಲಯದೊಳಗೆ ಮನೆ ಇದ್ದರೆ, ರಸ್ತೆಗೆ ಕಾಣುವ ಹೊರಭಾಗದ ಬದಲಾವಣೆಗೆ ಅನುಮತಿ ಬೇಕಾಗುತ್ತದೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಕ್ರಯಪತ್ರದ ಜೊತೆ ನೋಂದಾಯಿಸಿದ ಸಂರಕ್ಷಣಾ ಕರಾರು. ಒಳಗಿನ ಕಂಬ, ಹಲಗೆಗಳಿಗೂ ಅನ್ವಯಿಸಬಹುದು, ಮುಂದೆ ಬರುವ ಮಾಲೀಕರನ್ನೂ ಕಟ್ಟಿಹಾಕುತ್ತದೆ. 1910ರಲ್ಲಿ ಶುರುವಾದ ಹಿಸ್ಟಾರಿಕ್ ನ್ಯೂ ಇಂಗ್ಲೆಂಡ್ ಸಂಸ್ಥೆ ಇಂಥ ಅನೇಕ ಕರಾರುಗಳನ್ನು ನೋಡಿಕೊಳ್ಳುತ್ತದೆ. ಇದ್ದರೆ ಬೇಸರಪಡಬೇಡ, ನನಗಂತೂ ಅದು ಮನೆಗೆ ಸಿಕ್ಕ ರಕ್ಷಣೆಯೇ. ಹೊಲಕ್ಕೆ ಚಾಪ್ಟರ್ 61ಎ ಅಡಿ ಕೃಷಿಭೂಮಿಯ ತೆರಿಗೆ ರಿಯಾಯಿತಿ ಇದೆಯೇ ಕೇಳು. ಅಂಥ ಜಮೀನನ್ನು ಬೇರೆ ಬಳಕೆಗೆ ಮಾರುವಾಗ ಮೊದಲು ಕೊಳ್ಳುವ ಹಕ್ಕು ಊರಿಗಿರುತ್ತದೆ, ಅದಕ್ಕೆ 120 ದಿನ ಕಾಯಬೇಕು. ಶೌಚಗುಂಡಿಗೆ ರಾಜ್ಯದ ಟೈಟಲ್ 5 ನಿಯಮದಂತೆ ಮಾಡಿದ ತಪಾಸಣೆಯ ವರದಿ, ಬಾವಿ ನೀರಿನ ಪರೀಕ್ಷೆ ಎರಡೂ ಇರಲಿ.

ಶನಿವಾರ ಹೋದಾಗ ನನಗೆ ಬೇಕಾದ ಫೋಟೋಗಳು ಇವು: ನಾಲ್ಕೂ ಮೂಲೆಗಂಬಗಳ ಬುಡ, ನೆಲಮಾಳಿಗೆಯಲ್ಲಿ ಚಿಮಣಿಯ ತಳ, ಅಟ್ಟದಲ್ಲಿ ಚಿಮಣಿ ಮಾಡನ್ನು ದಾಟುವ ಜಾಗ, ಸ್ನಾನದ ಮನೆಯ ಕೆಳಗಿನ ಜಂತೆಗಳು. ಫ್ಲ್ಯಾಶ್ ಹಾಕಬೇಡ, ಟಾರ್ಚನ್ನು ಪಕ್ಕದಿಂದ ಹಿಡಿದು ತೆಗೆ, ಅಳತೆ ಗೊತ್ತಾಗಲು ಟೇಪ್ ಇಟ್ಟುಕೋ. ಬಂದ ತಕ್ಷಣ ಕಳಿಸು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಅಮ್ಮ