ಎತ್ತರದ ಮನೆಗಳಿಗೂ ನೀರು ಏರಲಿ

ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ತರುವ ಸಾಮರ್ಥ್ಯ ಬೆಂಗಳೂರಿಗೆ ದೊರೆತಿದ್ದರೂ, ನಮ್ಮ ಬಡಾವಣೆಯ ಎತ್ತರದ ಅಡ್ಡರಸ್ತೆಗಳಲ್ಲಿ ಮನೆಗಳ ನೆಲದಡಿಯ ಸಂಪುಗಳಿಗೆ ಬೀಳುವ ನೀರಿನ ಧಾರೆ ಕಿರುಬೆರಳಿನಷ್ಟು ದಪ್ಪವೂ ಇರುವುದಿಲ್ಲ. ತಗ್ಗಿನ ಮನೆಗಳ ಸಂಪುಗಳು ತುಂಬಿದ ಮೇಲಷ್ಟೇ ನೀರು ಮೇಲಕ್ಕೆ ಏರುತ್ತದೆ. ಅಷ್ಟರಲ್ಲಿ ವಾಲ್ವ್ ಮುಚ್ಚುವ ಹೊತ್ತಾಗಿರುತ್ತದೆ. ದೂರು ಕೊಟ್ಟಾಗಲೆಲ್ಲ ಟ್ಯಾಂಕರ್ ಕಳುಹಿಸುವುದು ಪರಿಹಾರವಲ್ಲ.

ಮೊದಲು, ನೀರು ಬಿಟ್ಟ ಸಮಯದಲ್ಲೇ ರಸ್ತೆಯ ಮೊದಲ ಮತ್ತು ಕೊನೆಯ ಮನೆಯ ನಲ್ಲಿಗೆ ಪ್ರೆಷರ್ ಗೇಜ್ ಜೋಡಿಸಿ ನೀರಿನ ಒತ್ತಡ ಅಳೆಯಬೇಕು. ಹತ್ತು ಮೀಟರ್ ಏರಿಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ.ಯಷ್ಟು ಒತ್ತಡ ತಗ್ಗುವುದು ಸಹಜ. ಅದಕ್ಕಿಂತ ಬಹಳ ಹೆಚ್ಚು ಕುಸಿದಿದ್ದರೆ, ಒಳಗೆ ತುಕ್ಕು ಗಂಟುಕಟ್ಟಿ ಕಿರಿದಾದ ಹಳೆಯ ಬೀಡುಕಬ್ಬಿಣದ ಕೊಳವೆಯೋ, ಪೂರ್ತಿ ತೆರೆಯದ ವಾಲ್ವೋ, ನೆಲದಡಿಯ ಸೋರಿಕೆಯೋ ಕಾರಣವಾಗಿರಬಹುದಾದ್ದರಿಂದ, ಇಡೀ ರಸ್ತೆ ಅಗೆಯದೆ ಆ ಭಾಗವನ್ನಷ್ಟೇ ಪರಿಶೀಲಿಸಿ ಸರಿಪಡಿಸಬಹುದು.

ಕೊಳವೆಗೆ ನೇರವಾಗಿ ಮೋಟಾರ್ ಹಾಕಿ ನೀರೆಳೆಯುವ ಅಭ್ಯಾಸ ನಿಲ್ಲಲೇಬೇಕು. ಅದು ಅಕ್ಕಪಕ್ಕದವರ ಪಾಲನ್ನು ಕಸಿಯುವುದಲ್ಲದೆ, ಬಿರುಕುಗಳಿಂದ ಚರಂಡಿ ನೀರನ್ನೂ ಕುಡಿಯುವ ನೀರಿಗೆ ಸೆಳೆಯಬಲ್ಲದು. ಎತ್ತರದ ಅಡ್ಡರಸ್ತೆಗಳಿಗೆ ಪ್ರತ್ಯೇಕ ವಾಲ್ವ್ ಅಳವಡಿಸಿ, ತಗ್ಗಿನವರ ಸರದಿ ಮುಗಿದ ಮೇಲೆ ಬೇರೆಯಾಗಿ ನೀರು ಬಿಡುವ ವ್ಯವಸ್ಥೆಯನ್ನು ಸಂಬಂಧಪಟ್ಟ ಅಧಿಕಾರಿಗಳು ಬೇಸಿಗೆಗೆ ಮೊದಲೇ ಮಾಡಬೇಕೆಂದು ಒತ್ತಾಯಿಸುತ್ತೇನೆ.

– ಬಡಾವಣೆಯ ನಿವಾಸಿ, ಬೆಂಗಳೂರು